ಸ್ಟ್ಯಾಫರ್ಡ್‌ಷೈರ್‌ನ ಪಿಂಗಾಣಿ ಊರುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನ ಪಿಂಗಾಣಿ ಎಂದ ಕೂಡಲೇ ವೆಜ್‌ವುಡ್ ಎಂಬ ಒಂದು ಹೆಸರು ಹೇಳಿ ಸುಮ್ಮನಾಗುವವರೇ ಹೆಚ್ಚು. ಆ ಹೆಸರಿನ ಹಿಂದೆ ಆರು ಊರುಗಳಿವೆ, ನೆಲದಡಿಯ ಕಲ್ಲಿದ್ದಲಿದೆ, ತಲೆಮಾರುಗಳಿಂದ ಮಣ್ಣು ಹದಮಾಡಿದ, ಬೆಂಕಿ ಕಾಯ್ದ, ದೂಳು ಕುಡಿದ ಜನರಿದ್ದಾರೆ. ಇಲ್ಲಿನ ಉತ್ತರಗಳಲ್ಲಿ ಅವರಿಗೇ ಹೆಚ್ಚು ಜಾಗ ಕೊಟ್ಟಿದ್ದೇನೆ.

‘ಪಾಟರೀಸ್’ ಎಂದು ಕರೆಯುವ ಪ್ರದೇಶ ಎಲ್ಲಿದೆ?

ಬರ್ಮಿಂಗ್‌ಹ್ಯಾಮ್ ಮತ್ತು ಮ್ಯಾಂಚೆಸ್ಟರ್ ನಗರಗಳ ನಡುವೆ, ಸ್ಟ್ಯಾಫರ್ಡ್‌ಷೈರ್ ಕೌಂಟಿಯ ಉತ್ತರದಲ್ಲಿ. ಟನ್‌ಸ್ಟಲ್, ಬರ್ಸ್ಲೆಮ್, ಹ್ಯಾನ್ಲಿ, ಸ್ಟೋಕ್, ಫೆಂಟನ್, ಲಾಂಗ್‌ಟನ್ ಎಂಬ ಆರು ಊರುಗಳು ಒಂದರ ಪಕ್ಕ ಒಂದು ಬೆಳೆದು 1910ರಲ್ಲಿ ಒಂದೇ ಆಡಳಿತಕ್ಕೆ ಸೇರಿದವು. 1925ರಲ್ಲಿ ಅದಕ್ಕೆ ನಗರದ ಪಟ್ಟ ಸಿಕ್ಕಿತು. ಅದೇ ಇಂದಿನ ಸ್ಟೋಕ್-ಆನ್-ಟ್ರೆಂಟ್. ಆದರೂ ಅಲ್ಲಿನವರು ಇಂದಿಗೂ ತಮ್ಮನ್ನು ಬರ್ಸ್ಲೆಮ್‌ನವರು, ಲಾಂಗ್‌ಟನ್‌ನವರು ಎಂದೇ ಹೇಳಿಕೊಳ್ಳುತ್ತಾರೆ.

ಅಲ್ಲೇ ಏಕೆ? ಒಳ್ಳೆಯ ಮಣ್ಣು ಇತ್ತೇ?

ಮಣ್ಣು ಇತ್ತು. ಆದರೆ ಜಗತ್ತಿಗೆ ಮಾರಿದ ಬಿಳಿ ತಟ್ಟೆ ಆ ಮಣ್ಣಿನದಲ್ಲ. ಅಲ್ಲಿನ ಜೇಡಿಮಣ್ಣು ಸುಟ್ಟರೆ ಕೆಂಪಾಗುತ್ತದೆ, ಇಲ್ಲವೇ ಮಾಸಲು ಹಳದಿ. ಬಿಳಿ ಪಾತ್ರೆಗೆ ಬೇಕಾದ ಮಣ್ಣು ನೂರಾರು ಕಿಲೋಮೀಟರ್ ದೂರದ ಡೆವನ್, ಡಾರ್ಸೆಟ್, ಕಾರ್ನ್‌ವಾಲ್‌ಗಳಿಂದ ಬರಬೇಕಾಗಿತ್ತು.

ಹಾಗಿದ್ದರೆ ಉದ್ಯಮವೇ ಕಾರ್ನ್‌ವಾಲ್‌ಗೆ ಏಕೆ ಹೋಗಲಿಲ್ಲ? ಉತ್ತರ ಕಲ್ಲಿದ್ದಲಿನಲ್ಲಿದೆ. ಒಂದು ಟನ್ ಮಣ್ಣನ್ನು ಪಾತ್ರೆಯಾಗಿಸಲು ಹಲವು ಟನ್ ಕಲ್ಲಿದ್ದಲು ಉರಿಯಬೇಕು. ಭಾರವಾದ ಕಲ್ಲಿದ್ದಲನ್ನು ಮಣ್ಣಿರುವಲ್ಲಿಗೆ ಹೊರುವುದಕ್ಕಿಂತ ಮಣ್ಣನ್ನು ಕಲ್ಲಿದ್ದಲಿರುವಲ್ಲಿಗೆ ತರುವುದೇ ಅಗ್ಗ. ಉತ್ತರ ಸ್ಟ್ಯಾಫರ್ಡ್‌ಷೈರ್‌ನಲ್ಲಿ ಉದ್ದ ಜ್ವಾಲೆ ಕೊಡುವ ಕಲ್ಲಿದ್ದಲು ನೆಲದ ಮೇಲ್ಭಾಗದಲ್ಲೇ ಸಿಗುತ್ತಿತ್ತು. ಸುಡುವಾಗ ಪಾತ್ರೆಗಳನ್ನು ತುಂಬಿಡುವ, ಬೆಂಕಿಗೆ ಜಗ್ಗದ ಪೆಟ್ಟಿಗೆಗಳನ್ನು ಮಾಡುವ ಮಣ್ಣೂ ಅಲ್ಲೇ ಇತ್ತು.

ಇನ್ನೊಂದು ಕಾರಣವನ್ನು ಇತಿಹಾಸಗಳು ಬೇಗ ದಾಟಿಬಿಡುತ್ತವೆ. ನನಗೆ ಅದೇ ಮುಖ್ಯ. 1700ರ ಹೊತ್ತಿಗೇ ಆ ಊರುಗಳಲ್ಲಿ ಹದ ಬಲ್ಲ ಕೈಗಳಿದ್ದವು. ತಿಗರಿ ತಿರುಗಿಸುವವರು, ಅಚ್ಚು ಕೊರೆಯುವವರು, ಉರಿಯ ಬಣ್ಣ ನೋಡಿ ಕಾವು ಹೇಳುವವರು ಒಂದೇ ಬೀದಿಯಲ್ಲಿ ಸಿಗುತ್ತಿದ್ದರು. ಕಲ್ಲಿದ್ದಲು ಬೇರೆ ಕಡೆಯೂ ಇತ್ತು, ಅಂಥ ಬೀದಿ ಇರಲಿಲ್ಲ.

ವೆಜ್‌ವುಡ್‌ಗೆ ಮೊದಲು ಅಲ್ಲಿ ಏನು ತಯಾರಾಗುತ್ತಿತ್ತು?

ಬೆಣ್ಣೆ ಗಡಿಗೆ. ಹದಿನೇಳನೆಯ ಶತಮಾನದಲ್ಲಿ ಬರ್ಸ್ಲೆಮ್‌ನ ಕುಂಬಾರರು ಸುತ್ತಲಿನ ಹೈನುಗಾರರಿಗಾಗಿ ಎತ್ತರದ ಒರಟು ಗಡಿಗೆಗಳನ್ನು ಮಾಡುತ್ತಿದ್ದರು. ಅವುಗಳಲ್ಲಿ ತುಂಬಿದ ಬೆಣ್ಣೆ ಲಂಡನ್ ವ್ಯಾಪಾರಿಗಳಿಗೆ ಹೋಗುತ್ತಿತ್ತು. ತೂಕದಲ್ಲಿ ಮೋಸ ನಡೆಯದಂತೆ ಗಡಿಗೆಯ ಅಳತೆಗೂ ಕಾನೂನು ಬಂದಿತ್ತು: ಹದಿನಾಲ್ಕು ಪೌಂಡ್, ಅಂದರೆ ಆರು ಕಿಲೋಗಿಂತ ತುಸು ಹೆಚ್ಚು ಬೆಣ್ಣೆ ಹಿಡಿಯಬೇಕು. 1686ರಲ್ಲಿ ರಾಬರ್ಟ್ ಪ್ಲಾಟ್ ಎಂಬ ವಿದ್ವಾಂಸ ಈ ಕುಂಬಾರರ ಕೆಲಸವನ್ನು ವಿವರವಾಗಿ ಬರೆದಿಟ್ಟ.

ಅದೇ ಕಾಲದಲ್ಲಿ ಥಾಮಸ್ ಟಾಫ್ಟ್ ಎಂಬಾತ ಕೆಂಪು ತಟ್ಟೆಗಳ ಮೇಲೆ ತೆಳುವಾದ ಬಿಳಿ ಮಣ್ಣಿನ ಧಾರೆ ಎಳೆದು ರಾಜ, ಸಿಂಹ, ಮತ್ಸ್ಯಕನ್ಯೆಯರನ್ನು ಬಿಡಿಸುತ್ತಿದ್ದ. ಅಂಚಿನಲ್ಲಿ ತನ್ನ ಹೆಸರನ್ನು ದೊಡ್ಡದಾಗಿ ಬರೆಯುತ್ತಿದ್ದ. ಹಳ್ಳಿಯ ಕುಂಬಾರನೊಬ್ಬ ಹಾಗೆ ಹೆಸರು ಹಾಕಿಕೊಂಡದ್ದು ನನಗೆ ಬಹಳ ಇಷ್ಟ. 1690ರ ದಶಕದಲ್ಲಿ ಎಲರ್ಸ್ ಸಹೋದರರು ಯುರೋಪಿನಿಂದ ಬಂದು ಬ್ರಾಡ್‌ವೆಲ್ ವುಡ್‌ನಲ್ಲಿ ಚೀನಾ ಮಾದರಿಯ ನುಣುಪಾದ ಕೆಂಪು ಟೀಪಾಟ್‌ಗಳನ್ನು ಮಾಡಿದರು. ಅವರು ಹೆಚ್ಚು ಕಾಲ ನಿಲ್ಲಲಿಲ್ಲ. ಮಣ್ಣನ್ನು ನಯವಾಗಿ ಸೋಸಿ ತೆಳುವಾಗಿ ಕಡೆಯುವ ಅವರ ಪದ್ಧತಿಯನ್ನು ಊರು ಉಳಿಸಿಕೊಂಡಿತು.

ಕೆಂಪು ಮಡಕೆಯಿಂದ ಬಿಳಿ ತಟ್ಟೆಗೆ ಬಂದದ್ದು ಹೇಗೆ?

ಚಕಮಕಿ ಕಲ್ಲಿನಿಂದ. 1720ರ ಆಸುಪಾಸಿನಲ್ಲಿ ಅಲ್ಲಿನ ಕುಂಬಾರರು ಸುಟ್ಟು ಪುಡಿಮಾಡಿದ ಚಕಮಕಿಯನ್ನು ಡೆವನ್‌ನ ಮಣ್ಣಿಗೆ ಬೆರೆಸತೊಡಗಿದರು. ಪಾತ್ರೆಗೆ ಬಿಳುಪೂ ಬಂತು, ಗಟ್ಟಿತನವೂ ಬಂತು. ಜಾನ್ ಆಸ್ಟ್‌ಬರಿ ಎಂಬ ಕುಂಬಾರ ಪ್ರಯಾಣದಲ್ಲಿದ್ದಾಗ ಛತ್ರದವನೊಬ್ಬ ಕುದುರೆಯ ಕಣ್ಣಿನ ಬೇನೆಗೆ ಚಕಮಕಿ ಸುಟ್ಟು ಪುಡಿ ಮಾಡಿದ್ದನ್ನು ನೋಡಿ ಈ ಉಪಾಯ ಹೊಳೆಯಿತು ಎಂಬ ಕಥೆಯಿದೆ. ಕಥೆಯಾಗಿ ಕೇಳಲು ಚೆನ್ನ. ಇತಿಹಾಸವೆಂದು ನಾನು ಒಪ್ಪುವುದಿಲ್ಲ.

ಚಕಮಕಿಯ ಒಣ ಪುಡಿ ಶ್ವಾಸಕೋಶಕ್ಕೆ ಹೊಕ್ಕರೆ ಹೊರಬರುವುದಿಲ್ಲ. ಅದನ್ನು ಕುಟ್ಟುವವರು ಬೇಗ ಸಾಯುತ್ತಿದ್ದರು. 1726ರಲ್ಲಿ ಥಾಮಸ್ ಬೆನ್ಸನ್ ಚಕಮಕಿಯನ್ನು ನೀರಿನಲ್ಲಿ ಅರೆಯುವ ಯಂತ್ರಕ್ಕೆ ಪೇಟೆಂಟ್ ಪಡೆದ. ಆ ಬಗೆಯ ನೀರುಚಕ್ರದ ಗಿರಣಿಯೊಂದು ಚೆಡಲ್‌ಟನ್‌ನಲ್ಲಿ ಇಂದಿಗೂ ಉಳಿದಿದೆ. ಅರೆಯುವ ಜಾಗದ ದೂಳು ಹೀಗೆ ತಗ್ಗಿತು. ಆದರೆ ಕಾರ್ಖಾನೆಯ ಉಳಿದ ಕಡೆಗಳಲ್ಲಿ ಅದು ಇನ್ನೂರು ವರ್ಷ ಇದ್ದೇ ಇತ್ತು. ಅದನ್ನು ಮುಂದೆ ಹೇಳುತ್ತೇನೆ.

ಮೊದಲ ಬಿಳಿ ಪಾತ್ರೆಗಳಿಗೆ ಮೆರುಗು ಕೊಟ್ಟದ್ದು ಉಪ್ಪು: ಕಾವು ಏರಿದಾಗ ಒಲೆಯೊಳಗೆ ಎಸೆದರೆ ಅದು ಆವಿಯಾಗಿ ಪಾತ್ರೆಯ ಮೇಲೆ ಗಾಜಿನಂತೆ ಕೂರುತ್ತದೆ. 1740ರ ದಶಕದಿಂದ ಸೀಸದ ದ್ರವ ಮೆರುಗು ಹಚ್ಚಿದ ಕೆನೆಬಣ್ಣದ ಪಾತ್ರೆ ಬಂತು.

ಜೊಸಾಯ ವೆಜ್‌ವುಡ್ ಅಷ್ಟು ದೊಡ್ಡವನಾದದ್ದು ಏಕೆ?

1730ರಲ್ಲಿ ಬರ್ಸ್ಲೆಮ್‌ನ ಕುಂಬಾರರ ಮನೆಯಲ್ಲಿ ಹುಟ್ಟಿದ. ಚಿಕ್ಕಂದಿನಲ್ಲಿ ಬಂದ ಸಿಡುಬು ಬಲ ಮೊಣಕಾಲನ್ನು ಕೆಡಿಸಿತು. 1768ರಲ್ಲಿ ಆ ಕಾಲನ್ನೇ ಕತ್ತರಿಸಬೇಕಾಯಿತು. ಫೆಂಟನ್‌ನ ಥಾಮಸ್ ವೀಲ್ಡನ್ ಜೊತೆ ಪಾಲುದಾರನಾಗಿದ್ದು 1759ರಲ್ಲಿ ಸ್ವಂತ ಕೆಲಸ ಶುರುಮಾಡಿದ.

ಕೆನೆಬಣ್ಣದ ಪಾತ್ರೆಯನ್ನು ಅವನು ಕಂಡುಹಿಡಿಯಲಿಲ್ಲ, ತಿದ್ದಿದ. 1765ರಲ್ಲಿ ರಾಣಿ ಶಾರ್ಲಟ್ ಟೀ ಸೆಟ್ ತರಿಸಿಕೊಂಡ ಮೇಲೆ ಅದಕ್ಕೆ ‘ಕ್ವೀನ್ಸ್ ವೇರ್’ ಎಂದು ಹೆಸರಿಟ್ಟು ಮಾರಿದ. ಅರಮನೆಯ ಹೆಸರಿನ ತಟ್ಟೆ ಮಧ್ಯಮ ವರ್ಗದ ಮನೆಗೂ ಸಿಗತೊಡಗಿತು. 1769ರಲ್ಲಿ ಕಾಲುವೆ ದಂಡೆಯ ಮೇಲೆ ಎಟ್ರೂರಿಯಾ ಎಂಬ ಕಾರ್ಖಾನೆ ತೆರೆದು ಪಕ್ಕದಲ್ಲೇ ಕೆಲಸಗಾರರಿಗೆ ಮನೆ ಕಟ್ಟಿಸಿದ. ಪಾಲುದಾರ ಥಾಮಸ್ ಬೆಂಟ್ಲಿ ಲಂಡನ್ನಿನ ವ್ಯಾಪಾರ ನೋಡಿಕೊಂಡ. ರಷ್ಯಾದ ಮಹಾರಾಣಿ ಕ್ಯಾಥರೀನ್‌ಗಾಗಿ 952 ಪಾತ್ರೆಗಳ ಊಟದ ಸೆಟ್ ಅನ್ನು 1774ರಲ್ಲಿ ಮುಗಿಸಿದರು. ಪ್ರತಿ ಪಾತ್ರೆಯ ಮೇಲೂ ಬ್ರಿಟನ್ನಿನ ಯಾವುದೋ ಊರು, ಕೋಟೆ, ತೋಟದ ಚಿತ್ರ. ಹಸಿರು ಕಪ್ಪೆಯ ಗುರುತು.

ನನ್ನ ದೃಷ್ಟಿಯಲ್ಲಿ ಅವನ ನಿಜವಾದ ಹಿರಿಮೆ ಪ್ರಯೋಗದಲ್ಲಿದೆ. ತಿಳಿನೀಲಿ ಹಿನ್ನೆಲೆಯ ಮೇಲೆ ಬಿಳಿ ಉಬ್ಬುಚಿತ್ರಗಳಿರುವ ಜ್ಯಾಸ್ಪರ್ ಪಾತ್ರೆಗಾಗಿ ಸಾವಿರಾರು ಬಿಲ್ಲೆಗಳನ್ನು ಸುಟ್ಟು, ಒಂದೊಂದಕ್ಕೂ ಸಂಖ್ಯೆ ಹಾಕಿ, ಮಿಶ್ರಣವನ್ನು ಪುಸ್ತಕದಲ್ಲಿ ಬರೆದಿಟ್ಟ. ಆ ಬಿಲ್ಲೆಗಳನ್ನು ಇಂದಿಗೂ ನೋಡಬಹುದು. ಒಲೆಯ ಕಾವು ಅಳೆಯುವ ಸಾಧನ ರೂಪಿಸಿದ್ದಕ್ಕೆ 1783ರಲ್ಲಿ ರಾಯಲ್ ಸೊಸೈಟಿಯ ಸದಸ್ಯನಾದ. 1787ರಲ್ಲಿ ಗುಲಾಮಗಿರಿಯ ವಿರುದ್ಧ, ಸಂಕೋಲೆ ತೊಟ್ಟು ಮಂಡಿಯೂರಿದ ಮನುಷ್ಯನ ಬಿಲ್ಲೆಯನ್ನು ಮಾಡಿಸಿ ಹಂಚಿದ. ಚಾರ್ಲ್ಸ್ ಡಾರ್ವಿನ್ ಅವನ ಮಗಳ ಮಗ.

ಕಾರ್ಖಾನೆಯಲ್ಲಿ ಮಾತ್ರ ಅವನು ಬಿಗಿ. ಗಂಟೆ ಹೊಡೆದಾಗ ಬರಬೇಕು, ಒಬ್ಬನಿಗೆ ಒಂದೇ ಕೆಲಸ. ಇಡೀ ಗಡಿಗೆಯನ್ನು ತಾನೇ ಮಾಡುತ್ತಿದ್ದ ಕುಂಬಾರ ಅಲ್ಲಿಂದಾಚೆಗೆ ಹಿಡಿ ಅಂಟಿಸುವವನೋ ಅಂಚು ಒರೆಸುವವನೋ ಆದ.

ಕಾಲುವೆಯ ಪಾತ್ರವೇನು?

ಬಹಳ ದೊಡ್ಡದು. ಕಾಲುವೆಗೆ ಮೊದಲು ಕಾರ್ನ್‌ವಾಲ್ ಮಣ್ಣು ಹಡಗಿನಲ್ಲಿ ಲಿವರ್‌ಪೂಲ್ ಕಡೆ ಬಂದು, ವೀವರ್ ನದಿಯಲ್ಲಿ ಒಂದಷ್ಟು ದೂರ ಸಾಗಿ, ಕೊನೆಗೆ ಕುದುರೆಯ ಬೆನ್ನೇರಬೇಕಿತ್ತು. ತಯಾರಾದ ಪಾತ್ರೆ ಅದೇ ಕೆಸರು ದಾರಿಯಲ್ಲಿ ವಾಪಸು ಹೋಗುವಾಗ ಒಡೆದದ್ದೆಷ್ಟೋ. ವೆಜ್‌ವುಡ್ ಮತ್ತು ಜೊತೆಗಾರರು ಪಾರ್ಲಿಮೆಂಟಿನಲ್ಲಿ ಹೋರಾಡಿ 1766ರಲ್ಲಿ ಟ್ರೆಂಟ್-ಮರ್ಸಿ ಕಾಲುವೆಗೆ ಒಪ್ಪಿಗೆ ಪಡೆದರು. ಮೊದಲ ಗುದ್ದಲಿ ಮಣ್ಣು ತೆಗೆದವನು ವೆಜ್‌ವುಡ್ಡೇ. ಎಂಜಿನಿಯರ್ ಜೇಮ್ಸ್ ಬ್ರಿಂಡ್ಲಿ. ಹೇರ್‌ಕಾಸಲ್ ಗುಡ್ಡದಡಿ ಎರಡೂವರೆ ಕಿಲೋಮೀಟರಿಗೂ ಉದ್ದದ ಸುರಂಗ ಕೊರೆಯುವುದರಲ್ಲೇ ವರ್ಷಗಳು ಕಳೆದವು. 1772ರಲ್ಲಿ ಬ್ರಿಂಡ್ಲಿ ತೀರಿಕೊಂಡ. ಕಾಲುವೆ ಮುಗಿದದ್ದು 1777ರಲ್ಲಿ. ಅಲ್ಲಿಂದ ಸ್ಟ್ಯಾಫರ್ಡ್‌ಷೈರ್ ತಟ್ಟೆಗೆ ಸಮುದ್ರದ ದಾರಿ ತೆರೆಯಿತು.

ಬೋನ್ ಚೈನಾದಲ್ಲಿ ನಿಜವಾಗಿಯೂ ಮೂಳೆ ಇರುತ್ತದೆಯೇ?

ಇರುತ್ತದೆ. ನಮ್ಮಲ್ಲಿ ಸಸ್ಯಾಹಾರಿ ಮನೆಗಳಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಹಾಗಾಗಿ ನೇರವಾಗಿ ಹೇಳುತ್ತೇನೆ. ಸಾಂಪ್ರದಾಯಿಕ ಮಿಶ್ರಣದಲ್ಲಿ ಅರ್ಧ ಭಾಗ ದನದ ಮೂಳೆಯ ಬೂದಿ, ಕಾಲು ಭಾಗ ಕಾರ್ನ್‌ವಾಲ್‌ನ ಬಿಳಿ ಮಣ್ಣು, ಕಾಲು ಭಾಗ ಅಲ್ಲಿನದೇ ಕಲ್ಲಿನ ಪುಡಿ. ಮೂಳೆಯನ್ನು ಚೆನ್ನಾಗಿ ಸುಟ್ಟು ಬೂದಿ ಮಾಡಿ ಅರೆದು ಬೆರೆಸುತ್ತಾರೆ. ಬೂದಿಯಲ್ಲಿ ಉಳಿಯುವುದು ಮುಖ್ಯವಾಗಿ ಕ್ಯಾಲ್ಸಿಯಂ ಫಾಸ್ಫೇಟ್. ಬೆಳಕಿಗೆ ಹಿಡಿದರೆ ಬೆರಳ ನೆರಳು ಕಾಣುವ ತೆಳುವು, ತೆಳುವಿದ್ದರೂ ಗಟ್ಟಿ ಎಂಬ ಗುಣ ಬರುವುದು ಅದರಿಂದಲೇ.

ಲಂಡನ್ ಬಳಿಯ ಬೋ ಕಾರ್ಖಾನೆ ಇದಕ್ಕೂ ಮೊದಲೇ ಮೂಳೆ ಬೂದಿ ಬಳಸಿತ್ತು. ಆದರೆ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಸ್ಟೋಕ್‌ನ ಸ್ಪೋಡ್ ಮನೆತನದವರು, ತಂದೆ ಮಗ ಇಬ್ಬರ ಹೆಸರೂ ಜೊಸಾಯ, ಆ ಮಿಶ್ರಣವನ್ನು ಪಳಗಿಸಿ ಇಂಗ್ಲೆಂಡಿಗೆಲ್ಲ ಮಾದರಿಯಾಗಿಸಿದರು. ಮೂಳೆ ಬೇಡ ಎನ್ನುವವರು ಅರ್ಥನ್‌ವೇರ್ (ಸಾದಾ ಸುಟ್ಟ ಮಣ್ಣಿನ ಪಾತ್ರೆ), ಸ್ಟೋನ್‌ವೇರ್ (ಹೆಚ್ಚು ಕಾವಿನಲ್ಲಿ ಸುಟ್ಟ ಗಟ್ಟಿ ಪಾತ್ರೆ) ಆರಿಸಿಕೊಳ್ಳಬಹುದು.

ನೀಲಿ ಬಿಳಿಯ ‘ವಿಲೋ’ ತಟ್ಟೆಯ ಪ್ರೇಮಕಥೆ ಚೀನಾದ್ದೇ?

ಅಲ್ಲ. ಆ ಚಿತ್ರ 1790ರ ಆಸುಪಾಸಿನಲ್ಲಿ ಇಂಗ್ಲೆಂಡಿನಲ್ಲಿ ಚೀನೀ ಮಾದರಿಗಳನ್ನು ನೋಡಿ ಕಟ್ಟಿದ್ದು. ಸೇತುವೆ ಮೇಲೆ ಓಡುವ ಪ್ರೇಮಿಗಳು, ಬೆನ್ನಟ್ಟುವ ತಂದೆ, ಕೊನೆಗೆ ಎರಡು ಹಕ್ಕಿಗಳು ಎಂಬ ಕಥೆಯನ್ನು ತಟ್ಟೆ ಮಾರಾಟವಾಗತೊಡಗಿದ ಎಷ್ಟೋ ಕಾಲದ ಮೇಲೆ ಇಂಗ್ಲಿಷರೇ ಹೆಣೆದರು.

ಚಿತ್ರ ಮೂಡಿಸುವ ವಿಧಾನ ಮಾತ್ರ ಅದ್ಭುತ. ತಾಮ್ರದ ತಗಡಿನಲ್ಲಿ ಚಿತ್ರ ಕೊರೆದು, ಎಣ್ಣೆಯಲ್ಲಿ ಕಲಸಿದ ಕೋಬಾಲ್ಟ್ ನೀಲಿ ತುಂಬಿ, ತೆಳು ಕಾಗದಕ್ಕೆ ಅಚ್ಚೊತ್ತಿ, ಆ ಕಾಗದವನ್ನು ಒಮ್ಮೆ ಸುಟ್ಟ ಪಾತ್ರೆಗೆ ಅಂಟಿಸಿ ಗಡಸು ಬ್ರಷ್‌ನಿಂದ ಉಜ್ಜುತ್ತಾರೆ. ಕಾಗದವನ್ನು ನೀರಿನಲ್ಲಿ ತೊಳೆದರೆ ಬಣ್ಣ ಪಾತ್ರೆಯಲ್ಲಿ ಉಳಿಯುತ್ತದೆ. ಮೇಲೆ ಮೆರುಗು ಹಾಕಿ ಮತ್ತೆ ಸುಡುತ್ತಾರೆ. 1780ರ ದಶಕದಲ್ಲಿ ಹಿರಿಯ ಸ್ಪೋಡ್ ಇದನ್ನು ಪಕ್ಕಾ ಮಾಡಿದ. ಕೈಯಿಂದ ಬರೆದರೆ ಶ್ರೀಮಂತರಿಗಷ್ಟೇ ಎಟುಕುತ್ತಿದ್ದ ಚಿತ್ರ ಹೀಗೆ ಸಾಮಾನ್ಯರ ಊಟದ ಮೇಜಿಗೆ ಬಂತು. ಬರ್ಸ್ಲೆಮ್‌ನ ಮಿಡಲ್‌ಪೋರ್ಟ್ ಕಾರ್ಖಾನೆಯಲ್ಲಿ ಬರ್ಲಿ ಕಂಪನಿಯವರು ಈ ಕಾಗದದ ಕೆಲಸವನ್ನು ಬಿಡದೆ ನಡೆಸಿಕೊಂಡು ಬಂದಿದ್ದಾರೆ.

ಭಾರತಕ್ಕೆ, ಅದರಲ್ಲೂ ಕರ್ನಾಟಕಕ್ಕೆ ಏನಾದರೂ ಸಂಬಂಧವಿದೆಯೇ?

ಇದೆ. ಸ್ಪೋಡ್ ಕಾರ್ಖಾನೆ 1810ರ ನಂತರದ ವರ್ಷಗಳಲ್ಲಿ ಭಾರತದ ಬೇಟೆಯ ದೃಶ್ಯಗಳ ನೀಲಿ ಊಟದ ಸೆಟ್ ಮಾಡಿತು. ಬಂಗಾಳದ ಸೇನೆಯಲ್ಲಿದ್ದ ಥಾಮಸ್ ವಿಲಿಯಮ್ಸನ್‌ನ ಅನುಭವ ಆಧರಿಸಿ ಸ್ಯಾಮುಯೆಲ್ ಹೋವಿಟ್ ಬಿಡಿಸಿದ ಚಿತ್ರಗಳು ಅದಕ್ಕೆ ಮೂಲ. ಕಬ್ಬಿನ ಗದ್ದೆಯಿಂದ ಕರಡಿ ಓಡಿಸುವುದು, ಮರವೇರಿದ ಚಿರತೆಗೆ ಗುಂಡು ಹೊಡೆಯುವುದು ಇಂಥವನ್ನು ನೋಡುತ್ತಾ ಇಂಗ್ಲಿಷರು ಊಟ ಮಾಡುತ್ತಿದ್ದರು.

ಇನ್ನೊಂದು ನಂಟು ಶ್ರೀರಂಗಪಟ್ಟಣಕ್ಕೆ ಹತ್ತಿರ. ಹೈದರನ ವಿರುದ್ಧ ಹೋರಾಡಿದ್ದ ಜನರಲ್ ಹೆಕ್ಟರ್ ಮನ್ರೋನ ಮಗ 1792ರಲ್ಲಿ ಬಂಗಾಳದ ಸಾಗರ ದ್ವೀಪದಲ್ಲಿ ಹುಲಿಯ ಬಾಯಿಗೆ ಸಿಕ್ಕಿ ಸತ್ತ. ಸೋಲ್ಜರ್‌ನ ಮೇಲೆರಗಿದ ಹುಲಿಯ ರೂಪದಲ್ಲಿ ಟಿಪ್ಪು ಸುಲ್ತಾನನ ಬಳಿಯಿದ್ದ ಮರದ ಯಂತ್ರ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಲಂಡನ್ನಿಗೆ ಸಾಗಿತು. ಅದಕ್ಕೂ ಈ ಸಾವಿಗೂ ಸಂಬಂಧ ಕಲ್ಪಿಸುವ ವಿದ್ವಾಂಸರಿದ್ದಾರೆ. 1820ರ ದಶಕದ ಆಸುಪಾಸಿನಲ್ಲಿ ಸ್ಟ್ಯಾಫರ್ಡ್‌ಷೈರ್ ಕುಂಬಾರರು ಅದೇ ಸಾವನ್ನು ಬಣ್ಣದ ಮಣ್ಣಿನ ಬೊಂಬೆಯಾಗಿಸಿ ಮಾರಿದರು. ಎರಡರಲ್ಲೂ ಬಿದ್ದ ಮನುಷ್ಯ, ಮೇಲೆ ಹುಲಿ. ಒಂದು ಮೈಸೂರಿನ ಸಿಟ್ಟು, ಇನ್ನೊಂದು ಇಂಗ್ಲಿಷ್ ಒಲೆಗೂಡಿನ ಮೇಲಿಡುವ ಅಲಂಕಾರ.

ಈಚಿನ ಸಂಬಂಧ ನಮ್ಮ ಬಚ್ಚಲುಮನೆಗಳಲ್ಲಿದೆ: ಜಾನ್ಸನ್ ಟೈಲ್ಸ್ ಸ್ಟೋಕ್ ಮೂಲದ ಹೆಸರು. ಭಾರತದ ಜಾನ್ಸನ್ ಕಂಪನಿ 1958ರಲ್ಲಿ ಶುರುವಾಯಿತು.

ಸೀಸೆಯಾಕಾರದ ಆ ಆವಿಗೆಗಳು ಹೇಗೆ ಕೆಲಸ ಮಾಡುತ್ತಿದ್ದವು?

ಹಳೆಯ ಫೋಟೋಗಳಲ್ಲಿ ಊರ ತುಂಬ ನಿಂತ ದೊಡ್ಡ ಇಟ್ಟಿಗೆ ಸೀಸೆಗಳೇ ಬಾಟಲ್ ಅವನ್‌ಗಳು. ಹೊರಗೆ ಕಾಣುವ ಸೀಸೆ ಬರೀ ಹೊದಿಕೆ. ಗಾಳಿ ಸೆಳೆದು ಹೊಗೆ ಮೇಲಕ್ಕೆ ಬಿಡುವ ಚಿಮಣಿ. ನಿಜವಾದ ಆವಿಗೆ ಅದರೊಳಗೆ ದುಂಡಗೆ ಕಟ್ಟಿರುತ್ತಿತ್ತು, ಸುತ್ತಲೂ ಬೆಂಕಿಬಾಯಿಗಳು.

ಪಾತ್ರೆಗಳಿಗೆ ಹೊಗೆ ತಾಗಬಾರದೆಂದು ಅವನ್ನು ಸ್ಯಾಗರ್ ಎಂಬ ದಪ್ಪ ಮಣ್ಣಿನ ಪೆಟ್ಟಿಗೆಗಳಲ್ಲಿ ತುಂಬುತ್ತಿದ್ದರು. ಪೆಟ್ಟಿಗೆಯ ತಳವನ್ನು ಭಾರದ ಮರದ ಕೊಡತಿಯಿಂದ ಬಡಿದು ತಟ್ಟುವುದೇ ಒಬ್ಬ ಹುಡುಗನ ಕೆಲಸ. ತುಂಬಿದ ಸ್ಯಾಗರನ್ನು ತಲೆಯ ಮೇಲೆ ಹೊತ್ತು, ಏಣಿ ಹತ್ತಿ, ಒಂದರ ಮೇಲೊಂದು ಆವಿಗೆಯ ಮಾಡಿನವರೆಗೆ ಪೇರಿಸಬೇಕು. ಹೊರುವವರು ಹಳೆಯ ಕಾಲುಚೀಲ ಸುತ್ತಿ ಸಿಂಬೆ ಮಾಡಿ ಟೋಪಿಯೊಳಗೆ ಇಟ್ಟುಕೊಳ್ಳುತ್ತಿದ್ದರು. ಬಾಗಿಲಿಗೆ ಇಟ್ಟಿಗೆ ಕಟ್ಟಿ ಬೆಂಕಿ ಹಾಕಿದರೆ ಎರಡು ಮೂರು ದಿನ ಉರಿ. ಒಂದು ಸಲಕ್ಕೆ ಹತ್ತು ಟನ್‌ಗೂ ಹೆಚ್ಚು ಕಲ್ಲಿದ್ದಲು. ಅಷ್ಟು ಹೊತ್ತೂ ಬೆಂಕಿಯ ಹೊಣೆ ಹೊತ್ತ ಫೈರ್‌ಮನ್ ಮನೆಗೆ ಹೋಗುತ್ತಿರಲಿಲ್ಲ. ಅವನ ಕಣ್ಣು ತಪ್ಪಿದರೆ ನೂರಾರು ಜನರ ವಾರಗಟ್ಟಲೆ ಕೆಲಸ ಹಾಳು. ಆರಿದ ಮೇಲೂ ಅವಸರವಿದ್ದರೆ ಇನ್ನೂ ಬಿಸಿಯಿರುವ ಆವಿಗೆಯೊಳಕ್ಕೆ ಒದ್ದೆ ಬಟ್ಟೆ ಸುತ್ತಿಕೊಂಡು ನುಗ್ಗಿ ಪಾತ್ರೆ ತೆಗೆಯುತ್ತಿದ್ದರು.

ಕೆಲಸಗಾರರ ಬದುಕು ಹೇಗಿತ್ತು?

ಕಷ್ಟದ್ದು, ಮತ್ತು ಇದನ್ನು ಹೇಳದೆ ತಟ್ಟೆಯ ಚೆಲುವನ್ನಷ್ಟೇ ಹೊಗಳುವುದು ನನ್ನಿಂದಾಗದು. 1841ರಲ್ಲಿ ಸ್ಯಾಮುಯೆಲ್ ಸ್ಕ್ರೈವನ್ ಎಂಬ ಸರ್ಕಾರಿ ಪರಿಶೀಲಕ ಮಕ್ಕಳ ಹೇಳಿಕೆಗಳನ್ನು ದಾಖಲಿಸಿದ. ತಟ್ಟೆ ಒತ್ತಿದ ಅಚ್ಚನ್ನು ಹಿಡಿದು ಕೆಲಸದ ಮೇಜಿನಿಂದ ಸುಡುವ ಒಣಕೋಣೆಗೆ ಓಡಿ, ಒಣಗಿದ್ದನ್ನು ತಂದು, ಮತ್ತೆ ಓಡುವುದು ಪುಟ್ಟ ಹುಡುಗರ ಪಾಲಿನ ಕೆಲಸ. ಬೆಳಗಿನಿಂದ ರಾತ್ರಿಯವರೆಗೆ. ಕಾರ್ಖಾನೆ ಕಾಯಿದೆ ಕುಂಬಾರಿಕೆಗೆ ಅನ್ವಯವಾಗಲು 1864ರವರೆಗೆ ಕಾಯಬೇಕಾಯಿತು. ಕೂಲಿಯ ಲೆಕ್ಕವೂ ಅನ್ಯಾಯದ್ದೇ: ಆವಿಗೆಯಿಂದ ಸರಿಯಾಗಿ ಹೊರಬಂದ ಪಾತ್ರೆಗೆ ಮಾತ್ರ ಹಣ. ಬೇರೆಯವರ ತಪ್ಪಿನಿಂದ ಒಡೆದರೂ ಮಾಡಿದವನಿಗೆ ಸೊನ್ನೆ.

ರೋಗ ಎರಡು. ಒಂದು ಸೀಸದ್ದು. ಮೆರುಗಿನ ತೊಟ್ಟಿಯಲ್ಲಿ ಪಾತ್ರೆ ಅದ್ದುವವರಿಗೆ, ಅದನ್ನು ಒರೆಸುವ ಹೆಂಗಸರಿಗೆ ಸೀಸ ಮೈಗೆ ಸೇರುತ್ತಿತ್ತು. ಕೈ ಸ್ವಾಧೀನ ತಪ್ಪುವುದು, ಕಣ್ಣು ಹೋಗುವುದು, ಬಸಿರು ನಿಲ್ಲದಿರುವುದು. ಸದರ್‌ಲೆಂಡ್‌ನ ಡಚೆಸ್ ಮಿಲಿಸೆಂಟ್ ಇದರ ವಿರುದ್ಧ ದನಿಯೆತ್ತಿ ಕಾರ್ಖಾನೆ ಮಾಲೀಕರ ಸಿಟ್ಟಿಗೆ ಗುರಿಯಾದರು. ಇನ್ನೊಂದು ಚಕಮಕಿ ದೂಳಿನ ಸಿಲಿಕೋಸಿಸ್. ಸುಡುವಾಗ ಬೋನ್ ಚೈನಾ ಪಾತ್ರೆಗಳು ಸೊಟ್ಟಗಾಗದಂತೆ ಚಕಮಕಿ ಪುಡಿಯಲ್ಲಿ ಹುದುಗಿಸಿಡುತ್ತಿದ್ದರು. ಸುಟ್ಟ ಮೇಲೆ ಆ ಪುಡಿಯನ್ನು ಬ್ರಷ್‌ನಿಂದ ಉಜ್ಜಿ ತೆಗೆಯುತ್ತಿದ್ದವರು ಹೆಂಗಸರು. ಕಚ್ಚಾ ಸೀಸದ ಮೆರುಗಿಗೂ ಈ ಚಕಮಕಿ ಪುಡಿಗೂ ಪೂರ್ತಿ ತಡೆ ಬಿದ್ದದ್ದು 1947ರ ನಿಯಮಗಳಿಂದ. ಬೆನ್ಸನ್‌ನ ಪೇಟೆಂಟಿನಿಂದ ಅಲ್ಲಿಗೆ 221 ವರ್ಷ.

ವಿನ್ಯಾಸಗಾರರಲ್ಲಿ ಹೆಂಗಸರು ಇದ್ದರೇ?

ಬಣ್ಣ ತುಂಬುವ ಕೋಣೆಗಳು ಬಹುಪಾಲು ಅವರದ್ದೇ, ಆದರೆ ಹೆಸರು ಬರುತ್ತಿರಲಿಲ್ಲ. ಟನ್‌ಸ್ಟಲ್‌ನಲ್ಲಿ 1899ರಲ್ಲಿ ಹುಟ್ಟಿದ ಕ್ಲಾರಿಸ್ ಕ್ಲಿಫ್ ಹದಿಮೂರನೆಯ ವಯಸ್ಸಿಗೇ ಕೆಲಸಕ್ಕೆ ಸೇರಿ, 1927ರ ನಂತರ ಕಿತ್ತಳೆ, ಹಳದಿ, ಕಪ್ಪು ಬಣ್ಣಗಳ ‘ಬಿಝಾರ್’ ಪಾತ್ರೆಗಳಿಂದ ಮನೆಮಾತಾದಳು. ಮಾರಾಟವಾಗದೆ ಗೋದಾಮಿನಲ್ಲಿ ಬಿದ್ದಿದ್ದ ದೋಷವಿರುವ ಪಾತ್ರೆಗಳ ಮೇಲೆ ಆ ಬಣ್ಣದ ಪ್ರಯೋಗ ಶುರುವಾಗಿತ್ತು. ಅವಳ ಸಮಕಾಲೀನೆ ಸೂಸಿ ಕೂಪರ್ ಸ್ವಂತ ಕಾರ್ಖಾನೆಯನ್ನೇ ನಡೆಸಿದಳು.

ಹೊಗೆ ಯಾವಾಗ ನಿಂತಿತು?

1956ರ ಶುದ್ಧ ಗಾಳಿ ಕಾಯಿದೆಯ ನಂತರ. ಅನಿಲ ಮತ್ತು ವಿದ್ಯುತ್ತಿನ ಒಲೆಗಳು ಅದಕ್ಕೂ ಮೊದಲೇ ಬರತೊಡಗಿದ್ದವು. ಹಿಂದೆ ಎರಡು ಸಾವಿರಕ್ಕೂ ಹೆಚ್ಚಿದ್ದ ಬಾಟಲ್ ಅವನ್‌ಗಳಲ್ಲಿ ಈಗ ಉಳಿದಿರುವುದು ಐವತ್ತಕ್ಕೂ ಕಡಿಮೆ. ಹಳಬರ ಕೌಶಲ ದಾಖಲಾಗಲಿ ಎಂದು 1978ರಲ್ಲಿ ಲಾಂಗ್‌ಟನ್‌ನಲ್ಲಿ ಕೊನೆಯ ಬಾರಿ ಒಂದಕ್ಕೆ ಬೆಂಕಿ ಹಾಕಿದರು.

ಉದ್ಯಮ ಕುಸಿದದ್ದು ಏಕೆ? ಈಗ ಏನೂ ಉಳಿದಿಲ್ಲವೇ?

ಹೊರದೇಶದ ಅಗ್ಗದ ಪಾತ್ರೆ, ಏರಿದ ಇಂಧನ ಬೆಲೆ, ಮದುವೆಗೆ ಪೂರ್ತಿ ಊಟದ ಸೆಟ್ ಕೊಡುವ ಪದ್ಧತಿ ಕ್ಷೀಣಿಸಿದ್ದು, ಎಲ್ಲವೂ ಸೇರಿದವು. ಕಂಪನಿಗಳು ಒಂದನ್ನೊಂದು ನುಂಗಿ ದೊಡ್ಡದಾದವು, ತಯಾರಿಕೆಯನ್ನು ಇಂಡೋನೇಷ್ಯಾದಂಥ ಕಡೆ ಸಾಗಿಸಿದವು. ರಾಯಲ್ ಡೌಲ್ಟನ್‌ನ ಬರ್ಸ್ಲೆಮ್ ಕಾರ್ಖಾನೆ 2005ರಲ್ಲಿ ಮುಚ್ಚಿತು. 2008ರ ಕೊನೆಯಲ್ಲಿ ಸ್ಪೋಡ್, 2009ರ ಆರಂಭದಲ್ಲಿ ವಾಟರ್‌ಫರ್ಡ್ ವೆಜ್‌ವುಡ್ ದಿವಾಳಿಯಾದವು. ಇಂಥ ಹೊತ್ತಿನಲ್ಲಿ ಹೆಸರು ಮಾರಾಟವಾಗುತ್ತದೆ, ಕೈಕೆಲಸ ಬಲ್ಲವರು ಮನೆಗೆ ಹೋಗುತ್ತಾರೆ. ನನಗೆ ಹೆಚ್ಚು ನೋವಾಗುವುದು ಅಲ್ಲೇ.

ಹಾಗೆಂದು ಒಲೆ ಪೂರ್ತಿ ಆರಿಲ್ಲ. ಹೋಟೆಲುಗಳಿಗೆ ಪಾತ್ರೆ ಮಾಡುವ ಸ್ಟೀಲೈಟ್ ಮತ್ತು ಚರ್ಚಿಲ್, ಸ್ಟೋಕ್‌ನ ಪೋರ್ಟ್‌ಮೀರಿಯನ್, 1985ರಲ್ಲಿ ಆರಂಭವಾಗಿ ಹ್ಯಾನ್ಲಿಯಲ್ಲಿ ನೆಲೆನಿಂತ ಎಮ್ಮಾ ಬ್ರಿಜ್‌ವಾಟರ್ ಈ ಶತಮಾನದಲ್ಲೂ ಅಲ್ಲಿಯ ಕೈಗಳಿಗೆ ಕೆಲಸ ಕೊಟ್ಟಿವೆ.

ಮನೆಯಲ್ಲಿರುವ ಹಳೆಯ ತಟ್ಟೆಯ ಕಾಲ ತಿಳಿಯುವುದು ಹೇಗೆ?

ಮಗುಚಿ ತಳದ ಮುದ್ರೆ ನೋಡಿ. ವಜ್ರಾಕೃತಿಯ ನೋಂದಣಿ ಗುರುತು 1842ರಿಂದ 1883ರವರೆಗಿನದು. 1884ರಿಂದ ಅದರ ಬದಲು ನೋಂದಣಿ ಸಂಖ್ಯೆ ಬಂತು. ‘ಇಂಗ್ಲೆಂಡ್’ ಎಂದು ಮಾತ್ರ ಇದ್ದರೆ ಸಾಮಾನ್ಯವಾಗಿ 1891ರ ನಂತರದ್ದು. ಆಮದು ಪಾತ್ರೆಗೆ ದೇಶದ ಹೆಸರಿರಬೇಕೆಂದು ಅಮೆರಿಕ ಕಾನೂನು ಮಾಡಿತ್ತು. ‘ಮೇಡ್ ಇನ್ ಇಂಗ್ಲೆಂಡ್’ ಎಂದಿದ್ದರೆ ಬಹುತೇಕ ಇಪ್ಪತ್ತನೆಯ ಶತಮಾನದ್ದು. ಒಂದು ಎಚ್ಚರಿಕೆ: ಮುದ್ರೆಯೊಳಗೆ ಅಚ್ಚಾಗಿರುವ ವರ್ಷ ಕಂಪನಿ ಹುಟ್ಟಿದ ವರ್ಷವಾಗಿರಬಹುದು, ತಟ್ಟೆಯದ್ದಲ್ಲ.

ನೋಡಲು ಹೋಗುವುದಾದರೆ ಎಲ್ಲಿಗೆ?

ಲಂಡನ್ನಿನ ಯೂಸ್ಟನ್ ನಿಲ್ದಾಣದಿಂದ ಸ್ಟೋಕ್‌ಗೆ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ಹೆಚ್ಚಿನವರು ನೇರ ಬಾರ್ಲಾಸ್ಟನ್‌ನ ವೆಜ್‌ವುಡ್ ಸಂಗ್ರಹಾಲಯಕ್ಕೆ ಹೋಗುತ್ತಾರೆ. ನನ್ನ ಸಲಹೆ ಬೇರೆ: ಮೊದಲು ಲಾಂಗ್‌ಟನ್‌ನ ಗ್ಲ್ಯಾಡ್‌ಸ್ಟನ್ ಮ್ಯೂಸಿಯಂ ನೋಡಿ. ಅಲ್ಲಿ ಬಾಟಲ್ ಅವನ್‌ನ ಒಳಗೇ ನಿಂತು, ಪೇರಿಸಿದ ಸ್ಯಾಗರ್‌ಗಳನ್ನು ಕತ್ತೆತ್ತಿ ನೋಡಬಹುದು. ಆಮೇಲೆ ಮಿಡಲ್‌ಪೋರ್ಟ್, ನಂತರ ಹ್ಯಾನ್ಲಿಯ ಪಾಟರೀಸ್ ಮ್ಯೂಸಿಯಂ. ಬಾರ್ಲಾಸ್ಟನ್‌ನ ಜ್ಯಾಸ್ಪರ್ ಹೂದಾನಿಗಳನ್ನು ಕೊನೆಗೆ ಇಟ್ಟುಕೊಳ್ಳಿ. ಅಷ್ಟು ಹೊತ್ತಿಗೆ ಅವುಗಳ ಹಿಂದೆ ಯಾರ್ಯಾರು ದುಡಿದಿದ್ದಾರೆಂದು ನಿಮಗೆ ಗೊತ್ತಿರುತ್ತದೆ.